ಸೂರಿಗಾಗಿ ಮಂತ್ರಿಯಾದ ಸಾಹೇಬರು

ಗೋಳು ಶುರುವಾದದ್ದು ಅಂಗೈಯಗಲದ ಒಂದು ಗಾರೆ ಚೂರಿನಿಂದ. ಅದು ಶಾಲೆಯ ಸೂರಿನಿಂದ ಕಳಚಿ, ಮಗ್ಗಿ ಹೇಳಿಸುತ್ತಿದ್ದ ಹೆಡ್‌ಮೇಡಂ ತಲೆ ತಪ್ಪಿಸಿ ಮೇಜಿನ ಮೇಲೆ ಬಿತ್ತು. ನಿವೃತ್ತಿಯಾದ ಮೇಲೂ ಪಾಠ ಬಿಡದ ಈ ಹೆಡ್‌ಮೇಡಂ ಅಂದರೆ ಸಾಹೇಬರ ಸ್ವಂತ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿ, ಕಿವಿ ಹಿಂಡಿ ಓದಿಸಿ, ಸರ್ಕಾರದ ದೊಡ್ಡ ಕುರ್ಚಿಯವರೆಗೂ ತಳ್ಳಿದವಳು.

ಆಗ ಸಾಹೇಬರು ಶಿಕ್ಷಣ ಇಲಾಖೆಯ ಕಾರ್ಯದರ್ಶಿ. ಅಕ್ಕ ಗಾರೆ ಚೂರನ್ನು ತಂದು ಅವರ ಮುಂದಿಟ್ಟಳು.

"ಅಕ್ಕಾ, ನನ್ನ ಕೈಲೇನಿದೆ ಹೇಳು? ಎಲ್ಲಾ ಮಂತ್ರಿಗಳ ಕೈಲಿರೋದು."

"ಹಾಗಾದ್ರೆ ಮಂತ್ರಿಯಾಗು."

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಸಾಹೇಬರಿಗೆ ಭೂಮಿ ಮೇಲೆ ಇದ್ದ ಭಯ ಒಂದೇ, ಅಕ್ಕನದು. ನಿವೃತ್ತರಾದದ್ದೇ ಕೋಟು ಬಿಚ್ಚಿ ಬಿಳಿ ಅಂಗಿ ತೊಟ್ಟರು. ಯಾವ ಮುಖಗಳನ್ನು ಬಾಗಿಲಾಚೆ ಕಾಯಿಸಿ ಬಾಡಿಸಿದ್ದರೋ ಅದೇ ಮುಖಗಳಿಗೆ ಬೀದಿ ಬೀದಿ ತಿರುಗಿ ಕೈಮುಗಿದರು. ಗೆದ್ದರು. ಅದೇ ಇಲಾಖೆಗೆ ಮಂತ್ರಿಯೂ ಆದರು. ಅಷ್ಟರಲ್ಲಿ ಅರ್ಧ ಸೂರು ನೆಲಕ್ಕಿಳಿದಿತ್ತು.

ಮಂತ್ರಿಯಾದ ಮೊದಲ ಬೆಳಿಗ್ಗೆಯೇ ಅಕ್ಕ, ನಾಲ್ಕಾರು ತಾಯಂದಿರನ್ನು ಕಟ್ಟಿಕೊಂಡು, ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ಲೋ ತಮ್ಮಾ," ಅಂದಳು. ಬಾಗಿಲಲ್ಲಿದ್ದ ಜವಾನ ಬೆಚ್ಚಿಬಿದ್ದ. "ಸಂಜೆಯೊಳಗೆ ರಿಪೇರಿ ಆದೇಶ ಬರಲಿಲ್ಲ ಅಂದ್ರೆ ನಾಳೆ ಇನ್ಸ್‌ಪೆಕ್ಟರು ಶಾಲೆಗೆ ಬೀಗ ಜಡೀತಾರೆ. ಮಕ್ಕಳೆಲ್ಲಾ ಹೆದ್ದಾರಿ ಆಚೆಗಿರೋ ಶಾಲೆಗೆ ಹೋಗ್ಬೇಕಂತೆ. ಆ ಲಾರಿಗಳು ಬರೋ ರಭಸ ನೋಡಿದ್ದೀಯೇನೋ?"

"ಸಂಜೆ ಯಾಕಕ್ಕಾ? ಊಟದ ಹೊತ್ತಿಗೆ ಆದೇಶ ನಿನ್ನ ಕೈಲಿರತ್ತೆ."

ಒಳಗೆ ಹೊಸ ಕಾರ್ಯದರ್ಶಿ ಕೈಕಟ್ಟಿ ನಿಂತಿದ್ದ. ಸಾಹೇಬರೇ ತಿದ್ದಿ ತೀಡಿದ ಶಿಷ್ಯ. ಮುಖ ಇಸ್ತ್ರಿ ಹಾಕಿದ ದಿಂಬಿನ ಚೀಲದ ಹಾಗಿತ್ತು.

"ಖಂಡಿತ ಸರ್. ಆದ್ರೆ ಆ ಫೈಲಿರೋ ಬೀರು ನೋಡ್ಕೊಳ್ಳೋ ಗುಮಾಸ್ತ ಇವತ್ತು ರಜೆ. ಬೀಗದ ಕೈ ಅವನ ಹತ್ರ."

"ಆ ರಜೆ ಹಾಕಿಸಿದ್ದು ನೀನು. ಹಾಕಿಸೋದನ್ನ ಕಲಿಸಿದ್ದು ನಾನು ಕಣಯ್ಯಾ! ಬೀಗ ಒಡೆಸು."

ಹಾವಿನ ಹೆಜ್ಜೆ ಹಾವೇ ಬಲ್ಲದು. ಬೀಗ ಒಡೆದು ಫೈಲು ಹೊರಬಂತು. ಜವಾನನ ಕೈಗೆ ಕೊಟ್ಟರೆ ದಾರಿಯಲ್ಲೇ ಆವಿಯಾಗುತ್ತದೆಂದು ಸಾಹೇಬರಿಗೆ ಗೊತ್ತು. ಕಂಕುಳಲ್ಲಿ ಇರುಕಿಕೊಂಡು ತಾವೇ ಹೊರಟರು. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಎದುರಾದ ಇನ್ನೊಬ್ಬ ಮಂತ್ರಿ, "ಏನ್ ಸಾಹೇಬ್ರೇ, ಮಂತ್ರಿಗಿರಿ ಸಾಲದೂಂತ ಜವಾನಗಿರೀನೂ ಇಟ್ಕೊಂಡ್ರಾ?" ಅಂತ ಬಿದ್ದು ಬಿದ್ದು ನಕ್ಕ.

ಇಂಜಿನಿಯರು ಕನ್ನಡಕ ಒರೆಸಿಕೊಂಡ. "ಸರ್, ಇದು ಸೂರಿನ ದೋಷವೋ ಗೋಡೆಯ ದೋಷವೋ ತಿಳೀದೆ ಹ್ಯಾಗೆ ಸಹಿ ಹಾಕೋದು? ಪೂರ್ತಿ ಬಿದ್ದ ಮೇಲೆ ಪರೀಕ್ಷೆ ಸುಲಭ."

"ಹಾಗೇ ಆಗ್ಲಿ. ಬೀಳೋವರೆಗೂ ನೀವೇ ಅದರ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿರಿ."

ಇಂಜಿನಿಯರು ಸಹಿ ಹಾಕಿದ.

ಹಣಕಾಸಿನ ಅಧಿಕಾರಿ ಊಟಕ್ಕೆ ಹೋಗಿದ್ದ. ಅವನ ಊಟ ಮುಗಿಯುವಷ್ಟರಲ್ಲಿ ಬೇರೆ ಕಡೆ ಮದುವೆಗಳೇ ಮುಗಿಯುತ್ತವೆ. ಮಂತ್ರಿ ಅವನ ಬಾಗಿಲಲ್ಲಿ ಸ್ಟೂಲ್ ಮೇಲೆ ಕೂತು ಕಾದರು. ಬಂದವನು ಹಲ್ಲು ಚುಚ್ಚಿಕೊಳ್ಳುತ್ತಾ, "ದುಡ್ಡಿದೆ ಸರ್. ಆದ್ರೆ ಹೊಸ ಸೂರಿಗೆ ಮಾತ್ರ. ಇದು ಹಳೇದು," ಅಂದ.

"ಹಳೇದು ಬಿದ್ದೋಯ್ತಲ್ಲಯ್ಯಾ! ಇನ್ನು ಹಾಕೋದು ಹೊಸದೇ ತಾನೇ?"

ಆ ಕಟ್ಟಡದಲ್ಲಿ ಯಾರೂ ಅಂಥ ನೇರ ಮಾತು ಆಡಿದವರಿರಲಿಲ್ಲ. ಅವನು ಗಾಬರಿಯಾಗಿ ಸಹಿ ಹಾಕಿಬಿಟ್ಟ.

ಸಾಹೇಬರು ತಮ್ಮ ಕೋಣೆಗೆ ವಾಪಸು ಬರುವಾಗ ಅಂಗಿ ಬೆನ್ನಿಗೆ ಅಂಟಿತ್ತು, ಮುಖ ಮಾತ್ರ ಪಂದ್ಯ ಗೆದ್ದ ಪೋರನದು. ಹಸಿದು ಕಂಗೆಟ್ಟ ತಾಯಂದಿರನ್ನೂ ಅಕ್ಕನನ್ನೂ ಒಳಗೆ ಕರೆದು ಮೇಜಿನ ಸುತ್ತ ನಿಲ್ಲಿಸಿಕೊಂಡರು.

"ಎಲ್ಲಾ ಸಹಿಗಳೂ ಆಗಿವೆ. ಇನ್ನುಳಿದಿರೋದು ನಂದೊಂದೇ. 'ಒಪ್ಪಿದೆ' ಅಂತ ಬರೆದ್ರೆ ಮುಗೀತು. ನೋಡಕ್ಕಾ, ನಿನ್ನ ತಮ್ಮ ಏನು ಮಾಡ್ತಾನೆ ನೋಡು!"

ಕಣ್ಣು ಅಕ್ಕನ ಮೇಲಿತ್ತು. ಪೆನ್ನು ಕಾಗದದ ಮೇಲೆ ಸರಸರ ಓಡಿತು. ಕೆಳಗೊಂದು ಭರ್ಜರಿ ಸಹಿಯೂ ಬಿತ್ತು.

ಅಕ್ಕ ಬಗ್ಗಿ, ಮಕ್ಕಳ ಸ್ಲೇಟು ಓದುವ ಹಾಗೆ ಗಟ್ಟಿಯಾಗಿ ಓದಿದಳು:

"ಚರ್ಚಿಸಿ."

ಸಾಹೇಬರು ಕೆಳಗೆ ನೋಡಿದರು. ಅಕ್ಷರ ಅವರದೇ, ಮುತ್ತಿನ ಹಾಗಿತ್ತು. ಜೀವಮಾನವಿಡೀ ಕಣ್ಣೆದುರು ಬಂದ ಪ್ರತಿ ಫೈಲಿಗೂ ಆ ಕೈ ಬರೆದದ್ದು ಅದೊಂದೇ ಮಾತು. ಈಗಲೂ ಯಜಮಾನನನ್ನು ಕೇಳದೆ ಅದನ್ನೇ ಬರೆದಿತ್ತು. ಹಾಗೆ ಬರೆದ ಮೇಲೆ ಫೈಲು ಮತ್ತೆ ತಳದ ಗುಮಾಸ್ತನಿಂದ ಏಳಬೇಕು, ಒಂದೊಂದೇ ಮೇಜು ಹತ್ತಬೇಕು. ಏಳುವಷ್ಟರಲ್ಲಿ ಕೇಳಿದವನೇ ಸತ್ತಿರುತ್ತಾನೆ. ಬಡವ ಕೊಂದರೆ ಕೊಲೆ ಅಂತಾರೆ, ಇವರು ಕೊಂದರೆ ಟಿಪ್ಪಣಿ ಅಂತಾರೆ.

"ಅಂದ್ರೇನೋ ಇದು?" ಅಂದಳು ಅಕ್ಕ.

"ಇಲ್ಲಕ್ಕಾ... ಕೈ ತಪ್ಪಿ... ತಡಿ, ಹೊಡೆದುಹಾಕ್ತೀನಿ!"

"ಬೇಡಿ ಸರ್," ಕಾರ್ಯದರ್ಶಿ ಮೆತ್ತಗೆ ಫೈಲು ಎಳೆದುಕೊಂಡ. "ಮಂತ್ರಿಗಳು ಬರೆದದ್ದನ್ನ ತಿದ್ದಿದ್ರೆ ಕಾನೂನು ಇಲಾಖೆಗೆ ಹೋಗ್ಲೇಬೇಕು. ತಮ್ಮ ಕಾಲದಲ್ಲಿ ತಾವೇ ತಂದ ನಿಯಮ." ಆಮೇಲೆ ತಲೆ ಬಾಗಿಸಿ, ಬಹಳ ವಿನಯದಿಂದ ಕೇಳಿದ:

"ಯಾರ ಜೊತೆ ಚರ್ಚಿಸಬೇಕು ಸರ್?"

ಸಾಹೇಬರು ಅಕ್ಕನ ಮುಖ ನೋಡಿದರು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು. ಅವಳು ತಾಯಂದಿರ ಕಡೆ ತಿರುಗಿದಳು.

"ನಡೀರಮ್ಮಾ, ಬೆಳಕಿರೋವಾಗ್ಲೇ ಹೋಗೋಣ. ಮಕ್ಕಳಿಗೆ ಹೆದ್ದಾರಿ ದಾಟೋದು ಹೇಳ್ಕೊಡಬೇಕು."