ನಾದಿರನ ದೊಡ್ಡ ಮೀನು

ನಾದಿರ್ ಆ ಬೆಳಿಗ್ಗೆ ಮಾಡಿದ್ದು ಒಂದೇ ತಪ್ಪು. ದ್ವೀಪದವರೆಲ್ಲ ಇರುವ ಫೋನ್ ಗುಂಪಿಗೆ ಒಂದು ಫೋಟೋ ಹಾಕಿದ. ತನ್ನಷ್ಟೇ ಎತ್ತರದ ಟ್ಯೂನಾ ಮೀನನ್ನು ತಬ್ಬಿಕೊಂಡು, ಮದುವೆ ಗಂಡಿನ ಹಾಗೆ ಹಲ್ಲು ಕಿರಿದು ನಿಂತ ಫೋಟೋ. ಕೆಳಗೆ ‘ಇವತ್ತು ಬೆಳಿಗ್ಗೆ ಹಿಡಿದದ್ದು’ ಎಂದು ಬರೆದ.

ಬರೆಯದೆ ಗತಿಯಿರಲಿಲ್ಲ. ಸಕೀನಾ ಅಕ್ಕನ ಹೊಸ ದೋಣಿ ನೀರಿಗಿಳಿದಿತ್ತು. ಅದನ್ನು ನಡೆಸುವ ತಂಡೇಲ ಯಾರೆಂದು ಅವಳು ಅವತ್ತೇ ಹೇಳುವವಳಿದ್ದಳು. ನಾದಿರನ ಗಾಳಕ್ಕೋ, ಬಹಳ ದಿನದಿಂದ ಪಾಚಿ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ.

ಆದರೆ ಅವನು ಊರ ಪದ್ಧತಿ ಮರೆತಿದ್ದ. ದೊಡ್ಡ ಮೀನು ಸಿಕ್ಕರೆ ಮೊದಲ ಪಾಲು ನೆರೆಹೊರೆಗೆ. ರೊಟ್ಟಿ ಮಗುಚುವಷ್ಟರಲ್ಲಿ ಬಾಗಿಲಲ್ಲಿ ಪಾತ್ರೆಗಳ ಸದ್ದು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಜುಹುದಾ, ಮಗುವಿಗೆ ಸ್ನಾನ ಮಾಡಿಸಬಹುದಾದಂಥ ಬೋಗುಣಿ ಹಿಡಿದು.

“ತಲೆ ಭಾಗ ನಂಗೆ ಕಣೋ. ಸಾರಿಗೆ.”

“ಅಯ್ಯೋ ಅಕ್ಕ, ಆಗ್ಲೇ ಫೆರಿಗೆ ಹಾಕಿ ಮಾಲೆ ಪೇಟೆಗೆ ಕಳಿಸ್ಬಿಟ್ಟೆ!”

“ಯಾವ ಫೆರಿ? ಅದು ಇಂಜಿನ್ ಕೆಟ್ಟು ಇನ್ನೂ ಜೆಟ್ಟೀಲೇ ಮಲಗಿದೆ.”

“ಹೌದಾ? ಹಾಗಾದ್ರೆ ಮೀನೂ ಅಲ್ಲೇ ಇರತ್ತೆ. ತಂದು ಕೊಯ್ದು ಕೊಡ್ತೀನಿ, ಕೂತಿರಿ.”

ಹಿತ್ತಿಲಿನಿಂದ ನುಸುಳಿ ಅಂಗಡಿಗೆ ಓಡಿದ. ದೋಣಿಗಳೆಲ್ಲ ಸಮುದ್ರದಲ್ಲಿದ್ದವು, ಹಸಿ ಮೀನು ಎಲ್ಲಿಂದ ಬರಬೇಕು? ಇದ್ದಬದ್ದ ಡಬ್ಬಿ ಮೀನನ್ನೇ ಚೀಲಕ್ಕೆ ತುಂಬಿಕೊಂಡ. ಮೀನುಗಾರನೊಬ್ಬ ಡಬ್ಬಿ ಮೀನು ಕೊಳ್ಳುವುದನ್ನು ಅಂಗಡಿಯವನು ಜನ್ಮದಲ್ಲಿ ನೋಡಿರಲಿಲ್ಲ. ಚಿಲ್ಲರೆ ಕೊಡುವ ಮೊದಲೇ ಸುದ್ದಿಯನ್ನು ಗುಂಪಿಗೆ ಹಾಕಿದ.

ನಾದಿರ್ ವಾಪಸು ಬಂದಾಗ ಹೆಂಗಸರು ಅವನ ಅಂಗಳದ ಹಗ್ಗದ ಕುರ್ಚಿಗಳಲ್ಲಿ ಕೂತು ಫೋಟೋ ಹಿಗ್ಗಿಸಿ ನೋಡುತ್ತಿದ್ದರು. ಸುದ್ದಿ ಓದಿ ಸಕೀನಾ ಅಕ್ಕನೂ ಬಂದಿದ್ದಳು. ಫೋನಿಗೆ ಬಂದದ್ದನ್ನು ನಂಬುವ ಮುಂಚೆ ಅದು ಎಲ್ಲಿಯದು, ಯಾವಾಗಿನದು ಎಂದು ನೋಡಲು ಗ್ರಂಥಾಲಯದಲ್ಲಿ ಈಚೆಗೆ ಹೆಂಗಸರಿಗೆ ಪಾಠ ಶುರುವಾಗಿತ್ತು. ಗಂಡಸರೆಲ್ಲ ನಕ್ಕಿದ್ದರು, ನಾದಿರ್ ತುಸು ಜೋರಾಗಿಯೇ.

“ಹಿಂದುಗಡೆ ಜೆಟ್ಟಿ ಚಪ್ಪರ ಇದೆ ನೋಡಿ,” ಎಂದಳು ಜುಹುದಾ. “ಅದು ದೊಡ್ಡ ಬಿರುಗಾಳಿಗೆ ಹಾರಿಹೋಯ್ತಲ್ಲ? ಇವನ ತಲೇಲಿ ಕೂದ್ಲೂ ಇದೆ.”

“ಅದೂ ಅದೇ ಗಾಳಿಗೆ ಹೋಗಿರ್ಬೇಕು,” ಎಂದಳು ಇನ್ನೊಬ್ಬಳು.

ನಾದಿರನಿಗೆ ಪಾರಾಗುವ ದಾರಿ ಹೊಳೆಯಿತು. “ಹೌದಕ್ಕ, ಹಳೇ ಫೋಟೋ! ತಪ್ಪಾಯ್ತು. ಅಂದ್ಮೇಲೆ ಮೀನೂ ಇಲ್ಲ, ಪಾಲೂ ಇಲ್ಲ. ಎಲ್ರೂ ಮನೆಗೆ ಹೊರಡಿ.”

“ತಾಳೋ,” ಎಂದಳು ಜುಹುದಾ. “ಫೋಟೋದಲ್ಲಿರೋ ಈ ಅಂಗಿ ನನ್ನ ಮಗಳ ಮದುವೇಲಿ ನಾನು ಕೊಟ್ಟಿದ್ದು, ಮಡಿಕೆ ಇನ್ನೂ ಬಿಟ್ಟಿಲ್ಲ. ಹಿಂದೆ ಜೆಟ್ಟಿ ಬಾವುಟ ಪಡುವಣಕ್ಕೆ ಹಾರ್ತಿದೆ, ನೀರು ಇಳಿದಿದೆ. ಮದುವೆ ಮಾರನೇ ಬೆಳಿಗ್ಗೆ ಸಮುದ್ರ ಹೀಗೇ ಇತ್ತು. ಊರೆಲ್ಲ ಸುಸ್ತಾಗಿ ಮಲಗಿತ್ತು. ಆಮೇಲೆ ನೀನು ‘ಒಂದು ಮರಿ ಮೀನೂ ಸಿಗ್ಲಿಲ್ಲ ಅಕ್ಕ’ ಅಂತ ಅತ್ಕೊಂಡು ನಮ್ಮನೇಲೇ ಉಂಡೆಯಲ್ಲೋ ಕಳ್ಳ!”

ಪಾತ್ರೆಗಳೆಲ್ಲ ಒಟ್ಟಿಗೆ ಮೊಳಗಿದವು. ಹಳೆಯ ಪಾಲಿನ ಲೆಕ್ಕಕ್ಕೆ ಡಬ್ಬಿಗಳು ಕೈಯಿಂದ ಕೈಗೆ ದಾಟಿ ಮಾಯವಾದವು.

ಸಕೀನಾ ಅಕ್ಕ, “ನಂಗೆ ತಂಡೇಲ ಸಿಕ್ಕಾಯ್ತು,” ಎಂದಳು.

ನಾದಿರನ ಎದೆ ಉಬ್ಬಿತು. “ನಂಗೊತ್ತಿತ್ತಕ್ಕ! ಹಳೇದಾದ್ರೂ ಹಿಡಿದದ್ದು ನಾನೇ ತಾನೆ?”

“ನೀನಲ್ವೋ. ಅಂಗೈಯಗಲದ ಫೋಟೋದಲ್ಲಿ ಗಾಳಿ, ನೀರು ಎರಡನ್ನೂ ಓದಿದ್ಳಲ್ಲ, ಇವಳು. ಅಪ್ಪನ ದೋಣೀಲೇ ಬೆಳೆದವಳು. ಏನೇ ಜುಹುದಾ, ಬರ್ತೀಯಾ?”

ಜುಹುದಾ ಬೋಗುಣಿ ಕೆಳಗಿಟ್ಟಳು. “ಬರ್ತೀನಕ್ಕ. ಆದ್ರೆ ನಾದಿರನೂ ಬರ್ಬೇಕು, ಅಡುಗೆಗೆ.”

“ಅಡುಗೆ ನಂಗೆಲ್ಲಿ ಬರತ್ತೆ?” ಎಂದು ನಾದಿರ್ ಕೂಗಿದ.

“ಅಷ್ಟು ದೊಡ್ಡ ಮೀನನ್ನ ಊರಿಗೆ ಗೊತ್ತಾಗ್ದಂಗೆ ಬೇಯಿಸಿ ಮುಗಿಸಿದ್ದು ಮತ್ಯಾರೋ?” ಎಂದಳು ತಂಡೇಲ ಜುಹುದಾ.