ಇಸ್ತ್ರಿ ಮಾಡಿದ ಶರ್ಟು ಮತ್ತು ಇಳಿಯದ ಗುಂಡು

ಈ ವರ್ಷ ಕ್ಲಬ್ಬಿನ ಗುರಿ ಹೊಡೆಯುವ ಸ್ಪರ್ಧೆಯ ಕಪ್ಪು ನನ್ನದೇ ಎಂದು ಮನೆಯಲ್ಲಿ ಘೋಷಿಸಿಬಿಟ್ಟೆ! ಬರೀ ಬಾಯಿಮಾತಲ್ಲ, ಕಪ್ಪು ಇಸಿದುಕೊಳ್ಳುವಾಗ ತೊಡಲೆಂದು ದಪ್ಪ ಹತ್ತಿಯ ಬಿಳಿ ಶರ್ಟನ್ನು ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದೆ.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ!" ಎಂದಳು ಹೆಂಡತಿ.

ಕೋವಿ ಮಾವನವರದು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಬಟ್ಟೆಚೂರಿನಲ್ಲಿ ಸುತ್ತಿದ ಸೀಸದ ಗುಂಡನ್ನು ಸಲಾಕೆಯಿಂದ ಇಳಿಸಿ ಹೊಡೆಯುವ ಹಳೇ ಮಾದರಿ. ಕಳೆದ ವರ್ಷ ನಾನು ಕಟ್ಟಕಡೆಗೆ ಬಂದಾಗ ಅವರು, "ಅಳಿಯಂದ್ರೇ, ಮುಂದಿನ ಸಲನೂ ಹೀಗೇ ಆದ್ರೆ ಕೋವಿ ಮಗಳಿಗೆ ಕೊಟ್ಬಿಡ್ತೀನಿ" ಎಂದಿದ್ದರು. ಆ ಕೋವಿ ಎಂದರೆ ನನಗೆ ಪ್ರಾಣ.

ತಪ್ಪು ನನ್ನದಲ್ಲ, ಗುಂಡಿನದು ಎಂದು ತೀರ್ಮಾನಿಸಿದೆ. ಮೆತ್ತನೆಯ ಸೀಸದಲ್ಲಿ ಎರಕ ಹೊಯ್ದಿದ್ದ ಹಳೆಯ ಗುಂಡುಗಳನ್ನು "ಬಡಕಲು ನನ್ಮಕ್ಳು" ಎಂದು ಡಬ್ಬಿಗೆ ತಳ್ಳಿದೆ. ಹೊಸ ಎರಕಕ್ಕೆ ಧಾರಾಳವಾಗಿ ತವರ ಬೆರೆಸಿದೆ. ಗಟ್ಟಿ ಗುಂಡು, ಗಟ್ಟಿ ಗುರಿ!

"ತವರ ಹಾಕಿದ್ರೆ ಗುಂಡು ಆರಿದ್ಮೇಲೆ ಅಷ್ಟು ಕುಗ್ಗಲ್ಲ ರೀ. ದಪ್ಪ ಉಳಿಯುತ್ತೆ."

"ನಿನಗೇನೇ ಗೊತ್ತು?"

"ಅಪ್ಪನ ಜೊತೆ ಎರಕ ಹೊಯ್ದೇ ದೊಡ್ಡೋಳಾದೋಳು ನಾನು!"

ದಪ್ಪವೇ ಉಳಿಯಿತು. ಇರಲಿ, ಗುಂಡನ್ನು ಒತ್ತಿ ಅಳತೆಗೆ ತರುವ ಉಕ್ಕಿನ ಅಚ್ಚಿತ್ತಲ್ಲ! ಅದನ್ನು ಊಟದ ಮೇಜಿಗೆ ಬಿಗಿದು, ಗುಂಡಿಟ್ಟು, ಹಿಡಿ ಜಗ್ಗಿದೆ. ಗುಂಡು ಅಲ್ಲಾಡಲಿಲ್ಲ, ಮೇಜೇ ಎದ್ದು ನಿಂತಿತು. ಮೇಜಿನ ಮೇಲೆ ಹತ್ತಿ ಕೂತು ಜಗ್ಗಿದೆ. ಮೇಜಿನ ಕಾಲು ಮುರಿದು, ನಾನೂ ನೀರಿನ ಹೂಜಿಯೂ ಜೊತೆಯಾಗಿ ನೆಲ ಕಂಡೆವು. ಗುಂಡು ಮಾತ್ರ ಅಚ್ಚಿನೊಳಗೆ ಮನೆ ಮಾಡಿಕೊಂಡು ಕೂತಿತ್ತು. ಆದರೂ ಬಡಕಲು ಗುಂಡಿಗೆ ಮರಳಲು ಮನಸ್ಸೊಪ್ಪಲಿಲ್ಲ. ಉಳಿದ ದಪ್ಪ ಗುಂಡುಗಳನ್ನೇ, ತೆಳ್ಳನೆ ಬಟ್ಟೆ ಸುತ್ತಿದರೆ ಹಿಡಿಸೀತು ಎಂದುಕೊಂಡು ಸ್ಪರ್ಧೆಗೆ ಒಯ್ದೆ.

ಮದ್ದು ಸುರಿದು ಗುಂಡು ತುರುಕಿದೆ. ಗೇಣುದ್ದ ಇಳಿದು ನಿಂತೇಬಿಟ್ಟಿತು! ಸಲಾಕೆ ಹಿಡಿದು ಒತ್ತಿದೆ, ಗುದ್ದಿದೆ, ಜೋತುಬಿದ್ದೆ. ನಳಿಗೆಗೆ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದಕ್ಕೂ ಅವತ್ತು ಪುರುಸೊತ್ತಿರಲಿಲ್ಲ.

ಮಾವನವರು ಮುಂದೆ ಬಂದು ಕೋವಿ ಇಸಿದುಕೊಂಡರು. ನಳಿಗೆಯ ಬುಡದಲ್ಲಿ ಕಿಡಿ ಹೊಗುವ ತೂತಿನಿಂದ ನೀರು ಬಿಟ್ಟು ಮದ್ದು ತೋಯಿಸಿ, ಸಲಾಕೆಗೆ ತಿರುಪು ಹಾಕಿ ಗುಂಡನ್ನು ಕಿತ್ತರು. ನಳಿಗೆ ಒಣಗಿಸಿ ಕೋವಿಯನ್ನು ಮಗಳ ಕೈಗಿತ್ತರು. ಅವಳ ಹೆಸರೂ ಸ್ಪರ್ಧೆಯಲ್ಲಿತ್ತೆಂದು ನನಗೆ ತಿಳಿದದ್ದೇ ಆಗ!

ಅವಳು ಚೀಲದಿಂದ ನನ್ನ ಬಡಕಲು ಗುಂಡುಗಳ ಡಬ್ಬಿ ತೆಗೆದಳು. ಒಂದೊಂದನ್ನೂ ಬಿಳಿ ಬಟ್ಟೆಚೂರಿನಲ್ಲಿ ಸುತ್ತಿ ಇಳಿಸಿದಳು. ಹದವಾಗಿ ಇಳಿದವು. ಹೊಡೆದಳು. ಎಲ್ಲವೂ ನಟ್ಟನಡುವೆ! ಕಪ್ಪು ಅವಳಿಗೆ ಬಂತು, ಕೋವಿಯೂ ಅವಳಿಗೇ ಹೋಯಿತು.

ಮನೆಗೆ ಮರಳುವ ದಾರಿಯುದ್ದಕ್ಕೂ ಕಣ್ಣಲ್ಲಿ ನೀರಾಡುತ್ತಿತ್ತು. ಕೊನೆಗೆ ತಡೆಯಲಾರದೆ ಕೇಳಿದೆ: "ಆ ಬಡಕಲು ಗುಂಡು ಅಷ್ಟು ಬಿಗಿಯಾಗಿ ಹೇಗೆ ಕೂತ್ವೇ?"

"ಗುಂಡು ಸಣ್ಣಗಿದ್ರೆ ಸುತ್ತೋ ಬಟ್ಟೆ ದಪ್ಪ ಇರ್ಬೇಕು. ಅಷ್ಟೇ ರೀ."

"ಅಷ್ಟು ಒಳ್ಳೇ ಬಟ್ಟೆ ಎಲ್ಲಿ ಸಿಕ್ತು?"

"ಬಾಗಿಲ ಹಿಂದೆ" ಎಂದು ಕಪ್ಪನ್ನು ನನ್ನ ಮಡಿಲಿಗಿಟ್ಟಳು. "ಕಪ್ ಇಸ್ಕೊಳ್ಳೋಕೆ ಅಂತ್ಲೇ ತಾನೆ ನೀವು ಅದನ್ನ ಇಸ್ತ್ರಿ ಮಾಡಿಟ್ಟಿದ್ದು?"