ಇಲಿ, ತಿಮಿಂಗಿಲ ಮತ್ತು ಮೇಷ್ಟ್ರ ತಟ್ಟೆ

ಮಗಳು ಊಟ ಮಾಡುವುದಿಲ್ಲ ಎಂಬುದು ಆ ಮನೆಯ ನಿತ್ಯದ ಕದನ. ರಣರಂಗದಲ್ಲಿ ಅಮ್ಮ ಏಕಾಂಗಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಅಪ್ಪ, ಅಂದರೆ ನಮ್ಮ ಮೇಷ್ಟ್ರು, ಎದುರು ಕೂತು ತಮ್ಮ ತಟ್ಟೆಯನ್ನು ಶ್ರದ್ಧೆಯಿಂದ ಖಾಲಿ ಮಾಡುತ್ತ ಯುದ್ಧವನ್ನು ವೀಕ್ಷಿಸುತ್ತಿದ್ದರು. (ವೀಕ್ಷಕರಿಗೂ ಹಸಿವಾಗುತ್ತದೆ.)

"ಒಂದು ದಿನ ನೀವೂ ತಿನ್ನಿಸಬಾರದಾ ರೀ? ನನ್ನ ಊಟ ಆರಿ ತಣ್ಣಗಾಗುತ್ತೆ," ಎಂದಳು ಹೆಂಡತಿ.

ಕೈ ತೊಳೆದು ಎದ್ದುಹೋಗಿದ್ದರೆ ಬಚಾವಾಗುತ್ತಿದ್ದರು. ಮೇಷ್ಟ್ರು ಪಾಠ ಶುರು ಮಾಡಿದರು.

"ನೋಡು, ಸಣ್ಣ ಮೈಯೊಳಗಿನ ಒಲೆ ಜೋರಾಗಿ ಉರಿಯುತ್ತೆ. ತೂಕಕ್ಕೆ ಹೋಲಿಸಿದ್ರೆ ಇಲಿ ಹೊಟ್ಟೆಬಾಕ, ಆನೆ ಮಿತಾಹಾರಿ. ತೂಕ ಹದಿನಾರು ಪಟ್ಟಾದ್ರೂ ಊಟ ಎಂಟು ಪಟ್ಟು ಸಾಕು. ಪುಟ್ಟಿ ಸಣ್ಣವಳು, ಹಸಿವಾಗೇ ಆಗುತ್ತೆ. ಬಿಟ್ಟುಬಿಡು."

ಹೆಂಡತಿಯದು ಬೀದಿ ಕೊನೆಯ ಔಷಧಿ ಅಂಗಡಿ. ಮಗುವಿಗೆಷ್ಟು, ದೊಡ್ಡವರಿಗೆಷ್ಟು ಎಂದು ದಿನವಿಡೀ ಅಳೆದು ಕೊಡುವ ಕೈ.

"ಈ ಲೆಕ್ಕ ಎಲ್ಲರಿಗೂ ನಡೆಯುತ್ತಾ?"

"ಇಲಿಯಿಂದ ತಿಮಿಂಗಿಲದವರೆಗೆ."

"ನಿಮಗೆ?"

"ನಾನೇನು ಹೊರಗಿನವನಾ?" ಎಂದು ಮೇಷ್ಟ್ರು ಉದಾರವಾಗಿ ನಕ್ಕರು.

ಮರುದಿನ ಊಟದ ಮೇಜಿನ ಮೇಲೆ ತಕ್ಕಡಿ ಕೂತಿತ್ತು.

"ಪುಟ್ಟಿ ಹದಿನಾರು ಕಿಲೋ, ನೀವು ಎಂಬತ್ತೊಂದು. ತೂಕ ಐದು ಪಟ್ಟು. ನಿಮ್ಮ ಪುಸ್ತಕದ ಸೂತ್ರ ಹಾಕಿ ನೋಡಿದೆ, ಊಟ ಮೂರು ಪಟ್ಟು, ಮೇಲೆ ಚೂರು. ಅವಳು ಎಷ್ಟು ತಿಂತಾಳೋ ಅದರ ಮೂರರಷ್ಟು ನಿಮಗೆ. ಆ ಚೂರೂ ಹಾಕ್ತೀನಿ, ಹೆದರಬೇಡಿ."

"ಅದು ಬೇರೆ ಬೇರೆ ಜಾತಿಯ ಪ್ರಾಣಿಗಳಿಗೆ ಕಣೇ. ಒಂದೇ ಮನೆಯವರಿಗೆ..."

"ನಿನ್ನೆ ಸಮುದ್ರದ ತನಕ ಹೋಗಿದ್ರಿ. ಇವತ್ತು ಮನೆಗೆ ಬರೋಕಾಗಲ್ವಾ?"

ಮಗಳು ಎರಡು ತುತ್ತು ತಿಂದು ತುಟಿಗೆ ಬೀಗ ಹಾಕಿದಳು. ಬೋಗುಣಿಯಲ್ಲಿ ಹುರಿದ ಆಲೂಗಡ್ಡೆ ಘಮಘಮಿಸುತ್ತಿತ್ತು. ಮೇಷ್ಟ್ರ ಪಾಲು ಆರು ತುತ್ತಿಗೆ ನಿಂತಿತು. ಜೀವಮಾನದಲ್ಲೇ ಮೊದಲ ಬಾರಿಗೆ ಅವರು ಕುರ್ಚಿಯನ್ನು ಮಗಳ ಪಕ್ಕಕ್ಕೆ ಎಳೆದುಕೊಂಡರು.

"ಪುಟ್ಟಿ, ಇನ್ನೊಂದೇ ಒಂದು. ಅಪ್ಪನ ಬಂಗಾರ ಅಲ್ವಾ?"

"ಕುದುರೆ ಆಗು. ಒಂದು ಸುತ್ತಿಗೆ ಒಂದು ತುತ್ತು."

ಎಂಬತ್ತೊಂದು ಕಿಲೋ ಪ್ರಾಣಿಶಾಸ್ತ್ರ ನೆಲಕ್ಕೆ ಮಂಡಿಯೂರಿತು. ನಾಲ್ಕನೆಯ ಸುತ್ತಿಗೆ ಮೇಜಿನ ಕಾಲು ಹಿಡಿದುಕೊಂಡು, ಏದುಸಿರು ಬಿಡುತ್ತಲೇ ಮೇಷ್ಟ್ರು ಮೇಲ್ಮನವಿ ಸಲ್ಲಿಸಿದರು.

"ದುಡಿಯೋ ಪ್ರಾಣಿಗೆ ಜಾಸ್ತಿ ಬೇಕು ಕಣೇ. ನಾನು ಹೇಳಿದ್ದು ಸುಮ್ಮನೆ ಕೂತಿರೋ ಪ್ರಾಣಿಯ ಲೆಕ್ಕ."

"ಅದಕ್ಕೇ ನಿಮಗೆ ಅಷ್ಟು ಸರಿಯಾಗಿ ಹೊಂದಿದ್ದು," ಎಂದು ಹೆಂಡತಿ ಬಿಸಿ ಅನ್ನದ ಮೊದಲ ತುತ್ತು ಬಾಯಿಗಿಟ್ಟಳು.